ಬಿಸಿಯಾದ ಮೇಲೆ ಐಡ್ಲಿಂಗ್ ನಡುಗುತ್ತೆ, ಗಾಡಿ ನಿಲ್ಲಿಸುವಾಗ ಎಂಜಿನ್ ಆಫ್ ಆಗುತ್ತೆ

ಹಳೇಗಾಡಿ:

2003ರ ಪೆಟ್ರೋಲ್ ಕಾರು. 1.3 ಲೀಟರ್, ನಾಲ್ಕು ಸಿಲಿಂಡರ್, ಎಂಟು ವಾಲ್ವ್, ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರ್). ಥ್ರಾಟಲ್ ಕೇಬಲ್‌ನದ್ದು. ಏರ್‌ಫ್ಲೋ ಮೀಟರ್ ಇಲ್ಲ, ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಮೇಲೆ ಅದರ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಇದೆ. ಡಿಸ್ಟ್ರಿಬ್ಯೂಟರ್ ಇಲ್ಲ, ಎರಡು ಕಾಯಿಲ್ ಮತ್ತು ನಾಲ್ಕು ಪ್ಲಗ್ ವೈರ್. ಓಡಿರುವುದು 1,60,000 ಕಿ.ಮೀ. ದಾಟಿದೆ. ಎಲ್‌ಪಿಜಿ ಕಿಟ್ ಇತ್ತು, ಈಗ ತೆಗೆದಾಗಿದೆ, ಪೆಟ್ರೋಲ್‌ನಲ್ಲೇ ಓಡುತ್ತೆ.

ತೊಂದರೆ ಇಷ್ಟು. ತಣ್ಣಗಿದ್ದಾಗ ಒಂದೇ ಸೆಲ್ಫ್‌ಗೆ ಸ್ಟಾರ್ಟ್, 1100 ಆರ್‌ಪಿಎಂನಲ್ಲಿ ಚೆನ್ನಾಗಿಯೇ ನಿಲ್ಲುತ್ತೆ. ಹತ್ತು ಹದಿನೈದು ನಿಮಿಷ ಓಡಿ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್ 550ರಿಂದ 850ರ ನಡುವೆ ತೂಗಾಡುತ್ತೆ, ಸ್ಟೀರಿಂಗ್, ಸೀಟು ಎಲ್ಲ ನಡುಗುತ್ತೆ. ಕ್ಲಚ್ ಒತ್ತಿ ಬ್ರೇಕ್ ಹಿಡಿದು ನಿಲ್ಲಿಸಲು ಬಂದರೆ ನಾಲ್ಕು ಸಲದಲ್ಲಿ ಒಂದು ಸಲ ಎಂಜಿನ್ ಆಫ್. ಎಸಿ ಹಾಕಿದ್ದರೆ ಇನ್ನೂ ಹೆಚ್ಚು. ಮತ್ತೆ ಸೆಲ್ಫ್ ಹೊಡೆದರೆ ತಕ್ಷಣ ಸ್ಟಾರ್ಟ್ ಆಗುತ್ತೆ. 2000 ಆರ್‌ಪಿಎಂ ಮೇಲೆ ನಡುಕ ಇಲ್ಲ, ಪಿಕಪ್ ಸ್ವಲ್ಪ ಮಂಕು ಅನ್ನಬಹುದು. ಚೆಕ್ ಎಂಜಿನ್ ದೀಪ ಹತ್ತಿಲ್ಲ.

ಇದುವರೆಗೆ ಆಗಿರುವುದು: ಹೊಸ ಪ್ಲಗ್, ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್, ಥ್ರಾಟಲ್ ಬಾಡಿ ಕ್ಲೀನಿಂಗ್. ಏನೂ ಫರಕ್ ಇಲ್ಲ. ಥ್ರಾಟಲ್‌ನ ಸ್ಟಾಪ್ ಸ್ಕ್ರೂ ಅರ್ಧ ಸುತ್ತು ತಿರುಗಿಸಿ ಐಡ್ಲಿಂಗ್ ಏರಿಸಿಬಿಡಿ ಅಂತ ಒಂದು ಸಲಹೆ ಬಂದಿದೆ. ಅದನ್ನ ಮಾಡಬಹುದಾ? ಮುಂದೆ ಯಾವ ಪಾರ್ಟ್ ಬದಲಿಸಲಿ?

ಪೆಟ್ರೋಲ್‌ವಾಸನೆ:

ಥ್ರಾಟಲ್ ಬಾಡಿ ಕ್ಲೀನ್ ಮಾಡಿದ್ದು ಅಂದರೆ ಬರೀ ಚಿಟ್ಟೆಗೆ (ಗಾಳಿಯ ದಾರಿ ತೆರೆದು ಮುಚ್ಚುವ ಥ್ರಾಟಲ್ ತಟ್ಟೆಗೆ) ಸ್ಪ್ರೇ ಹೊಡೆದದ್ದೋ, ಐಡಲ್ ಕಂಟ್ರೋಲ್ ವಾಲ್ವ್ ಬಿಚ್ಚಿ ಒರೆಸಿದ್ದೋ? ಎರಡೂ ಬೇರೆ ಕೆಲಸ. ಕಾಲು ತೆಗೆದಾಗ ಚಿಟ್ಟೆ ಹೆಚ್ಚುಕಡಿಮೆ ಮುಚ್ಚಿರುತ್ತೆ. ಐಡ್ಲಿಂಗ್‌ಗೆ ಬೇಕಾದ ಗಾಳಿ ಪಕ್ಕದ ಸಣ್ಣ ದಾರಿಯಲ್ಲಿ, ಈ ವಾಲ್ವ್ ಮೂಲಕ ಹೋಗುತ್ತೆ. ಅದರ ಮೂತಿಗೆ ಕಾರ್ಬನ್ ಕಚ್ಚಿಕೊಂಡರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತೆರೆ ಅಂದಾಗ ವಾಲ್ವ್ ತಡವಾಗಿ ತೆರೆಯುತ್ತೆ, ಅಷ್ಟರಲ್ಲಿ ಎಂಜಿನ್ ಆಫ್ ಆಗಿರುತ್ತೆ. ಕ್ಲಚ್ ಒತ್ತಿದ ಕೂಡಲೇ ಆಫ್ ಆಗೋದಕ್ಕೆ ಇದೇ ಬಹಳ ಸಲ ಕಾರಣ.

ಬ್ಯಾಟರಿ ನೆಗೆಟಿವ್ ತೆಗೆಯಿರಿ, ವಾಲ್ವ್‌ನ ಎರಡು ಸ್ಕ್ರೂ ಬಿಚ್ಚಿ ಹೊರಗೆ ತೆಗೆಯಿರಿ. ಮೂತಿ ಕೆಳಗೆ ಇರುವ ಹಾಗೆ ಹಿಡಿದು ಥ್ರಾಟಲ್ ಕ್ಲೀನರ್ ಹಚ್ಚಿದ ಬಟ್ಟೆಯಿಂದ ಒರೆಸಿ. ಮೇಲ್ಮುಖವಾಗಿ ಹಿಡಿದು ಸ್ಪ್ರೇ ಹೊಡೆದರೆ ದ್ರವ ಮೋಟರ್ ಒಳಗೆ ಇಳಿದು ಗ್ರೀಸ್ ತೊಳೆದುಹಾಕುತ್ತೆ. ಸ್ಟೆಪರ್ (ಹಂತಹಂತವಾಗಿ ತಿರುಗುವ ಮೋಟರ್) ಮಾದರಿಯದ್ದಾದರೆ ಮೂತಿಯನ್ನ ಕೈಯಿಂದ ಎಳೆಯಬೇಡಿ, ತಳ್ಳಬೇಡಿ, ಒಳಗಿನ ಸ್ಕ್ರೂವಿನ ಹಲ್ಲು ಹಾಳಾಗುತ್ತೆ. ವಾಲ್ವ್ ಕೂರುವ ಗುಂಡಿಯೊಳಗೂ ಕಪ್ಪು ಇರುತ್ತೆ, ಅದನ್ನೂ ತೆಗೆಯಿರಿ. ಓ-ರಿಂಗ್ ಗಟ್ಟಿಯಾಗಿದ್ದರೆ ಹೊಸದು ಹಾಕಿ.

ಫೀಲರ್‌ಗೇಜ್:

ಸ್ಟಾಪ್ ಸ್ಕ್ರೂ ಮುಟ್ಟಬೇಡಿ. ಅದು ಐಡ್ಲಿಂಗ್ ಸೆಟ್ ಮಾಡುವ ಸ್ಕ್ರೂ ಅಲ್ಲ. ಚಿಟ್ಟೆ ಬೋರ್‌ಗೆ ಕಚ್ಚಿಕೊಳ್ಳದಂತೆ ಕಾರ್ಖಾನೆಯಲ್ಲಿ ಅಳತೆ ಮಾಡಿ ನಿಲ್ಲಿಸಿರುವ ತಡೆ. ತಿರುಗಿಸಿದರೆ ಥ್ರಾಟಲ್ ಸೆನ್ಸರ್‌ನ ಮುಚ್ಚಿದ ಸ್ಥಿತಿಯ ವೋಲ್ಟೇಜ್ ಏರುತ್ತೆ. ಚಾಲಕ ಆಕ್ಸಿಲರೇಟರ್ ಮೇಲೆ ಕಾಲಿಟ್ಟಿದ್ದಾನೆ ಅಂತ ಇಸಿಯು ತಿಳಿದು ಐಡಲ್ ನಿಯಂತ್ರಣವನ್ನೇ ಬಿಟ್ಟುಬಿಡಬಹುದು. ಇಳಿಜಾರಿನಲ್ಲಿ ಕಾಲು ತೆಗೆದಾಗ ಪೆಟ್ರೋಲ್ ಕಡಿತ ಆಗಬೇಕಾದದ್ದೂ ಆಗೋದಿಲ್ಲ. ಒಂದು ದೋಷ ಇದ್ದ ಕಡೆ ಮೂರು ಆಗುತ್ತೆ.

ಪಾರ್ಟ್ ಬದಲಿಸೋದನ್ನ ಇಲ್ಲಿಗೆ ನಿಲ್ಲಿಸಿ. ಈಗ ಬೇಕಿರುವುದು ಒಂದೇ ಪ್ರಶ್ನೆಗೆ ಉತ್ತರ. ನಾಲ್ಕೂ ಸಿಲಿಂಡರ್ ಒಟ್ಟಿಗೆ ಸೊರಗುತ್ತಿವೆಯೋ, ಒಂದು ಮಾತ್ರ ಕೆಲಸ ಮಾಡುತ್ತಿಲ್ಲವೋ? ನಾಲ್ಕೂ ಸೊರಗಿದರೆ ಆರ್‌ಪಿಎಂ ನಿಧಾನವಾಗಿ ಏರಿಳಿಯುತ್ತೆ, ಆದರೆ ನಡುಕ ಕಡಿಮೆ. ಒಂದು ಸಿಲಿಂಡರ್ ಸತ್ತಿದ್ದರೆ ತಾಳಬದ್ಧವಾಗಿ ನಡುಗುತ್ತೆ, ಸೈಲೆನ್ಸರ್ ತುದಿಗೆ ಕೈ ಹಿಡಿದರೆ ಪಫ್ ಪಫ್ ಪಫ್ ನಡುವೆ ಒಂದು ತಪ್ಪಿದ ಹಾಗೆ ತಿಳಿಯುತ್ತೆ. ಆರ್‌ಪಿಎಂ ಮುಳ್ಳು ಅಲ್ಲಾಡದೆ ಬರೀ ಬಾಡಿ ನಡುಗಿದರೆ ಅದು ಎಂಜಿನ್ ಮೌಂಟ್, ಆದರೆ ನಿಮ್ಮದು ಆ ಜಾತಿ ಅಲ್ಲ.

ಸ್ಕ್ಯಾನರ್ ಇದ್ದರೆ ಕೋಡ್ ಓದಿ ಬಿಡಬೇಡಿ, ಲೈವ್ ಡೇಟಾ ಬೇಕು. ಎಂಜಿನ್ ಪೂರ್ತಿ ಬಿಸಿಯಾಗಿ ಫ್ಯಾನ್ ಒಂದು ಸಲ ತಿರುಗಿ ನಿಂತ ಮೇಲೆ, ಎಸಿ, ದೀಪ ಎಲ್ಲ ಆಫ್ ಇಟ್ಟು ಇವನ್ನ ಬರೆದುಕೊಳ್ಳಿ: ಕೂಲಂಟ್ ತಾಪ, ಮ್ಯಾಪ್, ಐಡಲ್ ವಾಲ್ವ್‌ನ ಸ್ಟೆಪ್ ಎಷ್ಟು, ಮುಚ್ಚಿದ ಥ್ರಾಟಲ್‌ನ ವೋಲ್ಟೇಜ್, ಶಾರ್ಟ್ ಮತ್ತು ಲಾಂಗ್ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನ ಈ ಕ್ಷಣಕ್ಕೆ ಮತ್ತು ಕಾಯಂ ಆಗಿ ಶೇಕಡಾ ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಅನ್ನೋದು), ಆಕ್ಸಿಜನ್ ಸೆನ್ಸರ್ ವೋಲ್ಟೇಜ್, ಬ್ಯಾಟರಿ ವೋಲ್ಟೇಜ್. ಆಮೇಲೆ 2500 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಹಿಡಿದು ಟ್ರಿಮ್ ಎರಡನ್ನೂ ಮತ್ತೊಮ್ಮೆ ನೋಡಿ.

ಕರಿಎಣ್ಣೆ:

ಸ್ಕ್ಯಾನರ್ ಸಿಗುವವರೆಗೆ ಕೈಯಲ್ಲೇ ಮಾಡುವ ಐದು ಪರೀಕ್ಷೆ ಇವೆ. ಎಂಜಿನ್ ಐಡ್ಲಿಂಗ್‌ನಲ್ಲಿ ಇರಲಿ.

ಬ್ರೇಕ್ ಪೆಡಲ್ ಒತ್ತಿ ಹಿಡಿಯಿರಿ. ಐಡ್ಲಿಂಗ್ ಬದಲಾಗಿ ಅಲ್ಲೇ ನಿಂತರೆ, ಕಾಲ ಬಳಿ ಸ್ಸ್ ಅನ್ನುವ ಸದ್ದು ಬಂದರೆ ಬ್ರೇಕ್ ಬೂಸ್ಟರ್‌ನ ಡಯಾಫ್ರಮ್ ಗಾಳಿ ಎಳೆಯುತ್ತಿದೆ. ಬ್ರೇಕ್ ಹಿಡಿದಾಗಲೇ ಆಫ್ ಆಗುವ ಗಾಡಿಯಲ್ಲಿ ಇದನ್ನ ಮೊದಲು ನೋಡಬೇಕು.

ಮ್ಯಾನಿಫೋಲ್ಡ್‌ಗೆ ಬರುವ ಒಂದೊಂದೇ ವ್ಯಾಕ್ಯೂಮ್ ಹೋಸನ್ನ ಮೂತಿಗೆ ಬಟ್ಟೆ ಸುತ್ತಿದ ಪ್ಲೈಯರ್‌ನಿಂದ ಅಮುಕಿ. ಯಾವುದನ್ನ ಅಮುಕಿದಾಗ ಐಡ್ಲಿಂಗ್ ಸರಿಹೋಗುತ್ತೋ ಲೀಕ್ ಆ ದಾರಿಯಲ್ಲಿದೆ. ಪಿಸಿವಿ (ಎಂಜಿನ್ ಒಳಗಿನ ಆವಿಯನ್ನ ಮ್ಯಾನಿಫೋಲ್ಡಿಗೆ ಒಯ್ಯುವ) ಹೋಸ್‌ನ ಕೆಳಭಾಗ ಎಣ್ಣೆಯಲ್ಲಿ ನೆನೆದು ಮೆತ್ತಗಾಗಿ ಬಿರಿದಿರುತ್ತೆ, ಮೇಲಿನಿಂದ ಕಾಣೋದಿಲ್ಲ, ಬೆರಳಿಂದ ಸವರಿ ನೋಡಿ.

ಪೆಟ್ರೋಲ್ ಆವಿ ಡಬ್ಬಿಯ ಪರ್ಜ್ ವಾಲ್ವ್‌ನಿಂದ ಡಬ್ಬಿ ಕಡೆಗೆ ಹೋಗುವ ಹೋಸ್ ಕಿತ್ತು ವಾಲ್ವ್ ಬಾಯಿಗೆ ಬೆರಳಿಡಿ. ಎಂಜಿನ್ ಇನ್ನೂ ತಣ್ಣಗಿರುವಾಗ ಐಡ್ಲಿಂಗ್‌ನಲ್ಲಿ ಅಲ್ಲಿ ಎಳೆತ ಇರಬಾರದು. ಇದ್ದರೆ ವಾಲ್ವ್ ತೆರೆದೇ ಉಳಿದಿದೆ. ಟ್ಯಾಂಕ್ ತುಂಬಿಸಿದ ಕೂಡಲೇ ಆಫ್ ಆಗುವ ಗಾಡಿಗಳಲ್ಲಿ ಬಹುತೇಕ ಇದೇ.

ಇಜಿಆರ್ ವಾಲ್ವ್ (ಸುಟ್ಟ ಹೊಗೆಯನ್ನ ಸ್ವಲ್ಪ ಮತ್ತೆ ಒಳಗೆ ಬಿಡುವುದು) ಇದ್ದರೆ ಅದನ್ನೂ ನೋಡಿ. ಒಂದು ಚೂರು ಕಾರ್ಬನ್ ಸಿಕ್ಕಿಕೊಂಡು ವಾಲ್ವ್ ಪೂರ್ತಿ ಮುಚ್ಚದಿದ್ದರೆ ಸುಟ್ಟ ಹೊಗೆ ಐಡ್ಲಿಂಗ್‌ನಲ್ಲೂ ಒಳಗೆ ಬರುತ್ತೆ. ಓಡುವಾಗ ಗೊತ್ತಾಗೋದಿಲ್ಲ, ನಿಂತಾಗ ಉಸಿರು ಕಟ್ಟುತ್ತೆ.

ಮ್ಯಾನಿಫೋಲ್ಡ್ ಪ್ಯಾಕಿಂಗ್ ಮತ್ತು ಇಂಜೆಕ್ಟರ್ ಬುಡದ ರಬ್ಬರ್ ಸುತ್ತ ನೀರು ಚಿಮುಕಿಸುವ ಬಾಟಲಿಯಿಂದ ಸಣ್ಣಗೆ ಸಿಂಪಡಿಸಿ. ನೀರು ಬಿದ್ದ ಕ್ಷಣ ಐಡ್ಲಿಂಗ್ ಬದಲಾದರೆ ಅಲ್ಲೇ ಲೀಕ್. ಕಾರ್ಬ್ಯುರೇಟರ್ ಕ್ಲೀನರ್ ಹೊಡೆದರೆ ಇನ್ನೂ ಸ್ಪಷ್ಟವಾಗಿ ತಿಳಿಯುತ್ತೆ ನಿಜ, ಆದರೆ ಅದು ಬೆಂಕಿಗೆ ಕಾಯುತ್ತಿರುವ ದ್ರವ. ಬಿಸಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಅದೇ ಪಕ್ಕದಲ್ಲಿರುವ ಎಂಜಿನ್‌ನಲ್ಲಿ ಅದು ಬೇಡ.

ಹಳೇಗಾಡಿ:

ಎಲ್ಲ ನೋಡಿದ್ದಾಯಿತು. ಬ್ರೇಕ್ ಒತ್ತಿದರೆ ವ್ಯತ್ಯಾಸ ಇಲ್ಲ. ಹೋಸ್ ಅಮುಕಿದಾಗಲೂ ನೀರು ಹೊಡೆದಾಗಲೂ ಏನೂ ಇಲ್ಲ. ಪರ್ಜ್ ವಾಲ್ವ್‌ನಲ್ಲಿ ಎಳೆತ ಇಲ್ಲ. ಈ ಎಂಜಿನ್‌ಗೆ ಇಜಿಆರ್ ಇಲ್ಲ. ಐಡಲ್ ವಾಲ್ವ್ ಬಿಚ್ಚಿ ಒರೆಸಿದೆ, ಮೂತಿ ಕಪ್ಪಾಗಿತ್ತು. ಆಫ್ ಆಗುವುದು ಸ್ವಲ್ಪ ಕಡಿಮೆಯಾಗಿದೆ, ನಡುಕ ಹಾಗೇ ಇದೆ.

ಬಿಸಿ ಐಡ್ಲಿಂಗ್‌ನ ರೀಡಿಂಗ್: ಕೂಲಂಟ್ 90 ಡಿಗ್ರಿ. ಮ್ಯಾಪ್ 44 ಕಿಲೋಪಾಸ್ಕಲ್, ಸ್ವಲ್ಪ ಅಲ್ಲಾಡುತ್ತೆ. ಐಡಲ್ ವಾಲ್ವ್ 58 ಸ್ಟೆಪ್. ಥ್ರಾಟಲ್ 0.52 ವೋಲ್ಟ್. ಶಾರ್ಟ್ ಟ್ರಿಮ್ +6ರಿಂದ +9, ಲಾಂಗ್ ಟ್ರಿಮ್ +12. ಆಕ್ಸಿಜನ್ ಸೆನ್ಸರ್ ಹೆಚ್ಚು ಹೊತ್ತು 0.1ರಿಂದ 0.3 ವೋಲ್ಟ್‌ನಲ್ಲೇ ಇರುತ್ತೆ, ನಡುನಡುವೆ ಮೇಲೆ ಹೋಗುತ್ತೆ. ಬ್ಯಾಟರಿ 14.1. 2500 ಆರ್‌ಪಿಎಂನಲ್ಲಿ ಶಾರ್ಟ್ +2, ಲಾಂಗ್ +3. ಕೋಡ್ ಯಾವುದೂ ಇಲ್ಲ.

ಪೆಟ್ರೋಲ್‌ವಾಸನೆ:

ಐಡ್ಲಿಂಗ್‌ನಲ್ಲಿ ಟ್ರಿಮ್ ಒಟ್ಟು +20ರ ಹತ್ತಿರ, 2500ರಲ್ಲಿ +5. ಪುಸ್ತಕದ ಪ್ರಕಾರ ಇದು ವ್ಯಾಕ್ಯೂಮ್ ಲೀಕ್. ಎಲ್ಲೋ ತಪ್ಪಿಹೋಗಿದೆ, ಸ್ಮೋಕ್ ಟೆಸ್ಟ್ (ಹೊಗೆ ತುಂಬಿಸಿ ಲೀಕ್ ಹುಡುಕುವುದು) ಮಾಡಿಸಿ.

ಫೀಲರ್‌ಗೇಜ್:

ಏರ್‌ಫ್ಲೋ ಮೀಟರ್ ಇರುವ ಗಾಡಿಯಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಮ್ಯಾಪ್ ಗಾಡಿಯಲ್ಲಿ ಲೆಕ್ಕ ಬೇರೆ. ಮೀಟರ್ ಇರುವಲ್ಲಿ ಲೀಕ್‌ನಿಂದ ಬಂದ ಗಾಳಿ ಲೆಕ್ಕಕ್ಕೆ ಸಿಗದೆ ನುಸುಳುತ್ತೆ, ಅದಕ್ಕೇ ಮಿಶ್ರಣ ತೆಳುವಾಗಿ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆಯಾಗಿ) ಟ್ರಿಮ್ ಏರುತ್ತೆ. ಮ್ಯಾಪ್ ಇರುವಲ್ಲಿ ಗಾಳಿ ಎಲ್ಲಿಂದ ಬಂದರೂ ಮ್ಯಾನಿಫೋಲ್ಡ್ ಒತ್ತಡ ಏರುತ್ತೆ, ಇಸಿಯು ಅದಕ್ಕೆ ತಕ್ಕ ಪೆಟ್ರೋಲ್ ಹಾಕುತ್ತೆ, ಹಾಗಾಗಿ ಐಡ್ಲಿಂಗ್ ಏರುತ್ತೆ. ಏರಿದ ಐಡ್ಲಿಂಗ್ ಇಳಿಸಲು ಐಡಲ್ ವಾಲ್ವನ್ನ ಮುಚ್ಚುತ್ತಾ ಹೋಗಿ ಸೊನ್ನೆಯ ಹತ್ತಿರ ತರುತ್ತೆ. ಇಲ್ಲಿ ತಿರುಗುಮುರುಗು ಆಗಿದೆ. ಐಡ್ಲಿಂಗ್ ಬಿದ್ದುಹೋಗಿದೆ, ವಾಲ್ವ್ 58 ಸ್ಟೆಪ್ ತೆರೆದುಕೊಂಡಿದೆ. ಬಿಸಿ ಎಂಜಿನ್, ಯಾವ ಲೋಡೂ ಇಲ್ಲ ಅಂದರೆ ಇಂಥ ಸ್ಟೆಪರ್ ವಾಲ್ವ್‌ಗಳು ಸಾಮಾನ್ಯವಾಗಿ ಹತ್ತರಿಂದ ಮೂವತ್ತರೊಳಗೆ ಇರುತ್ತವೆ. ಅಂದರೆ ಎಂಜಿನ್‌ಗೆ ಲೀಕ್‌ನಿಂದ ಹೆಚ್ಚುವರಿ ಗಾಳಿ ಬೀಳುತ್ತಿಲ್ಲ. ಬೀಳುತ್ತಿರುವ ಗಾಳಿಯಿಂದ ಸಾಕಷ್ಟು ಕೆಲಸ ಆಗುತ್ತಿಲ್ಲ, ಅದಕ್ಕೆ ಇಸಿಯು ಇನ್ನಷ್ಟು ಗಾಳಿ ಬಿಡುತ್ತಿದೆ. ಮ್ಯಾಪ್ 44 ಇರುವುದೂ ಅದಕ್ಕೇ. ಸಮುದ್ರಮಟ್ಟದ ಹತ್ತಿರ ಆರೋಗ್ಯವಂತ ಎಂಜಿನ್ 30ರಿಂದ 38ರೊಳಗೆ ಇರುತ್ತೆ.

ಹಾಗಾದರೆ ಟ್ರಿಮ್ ಯಾಕೆ ಪ್ಲಸ್? ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೆ ಅದರೊಳಗಿನ ಗಾಳಿ ಆಕ್ಸಿಜನ್ ಸಮೇತ ಸೈಲೆನ್ಸರ್‌ಗೆ ಬರುತ್ತೆ. ಆಕ್ಸಿಜನ್ ಸೆನ್ಸರ್‌ಗೆ ಉರಿಯದ ಪೆಟ್ರೋಲ್ ಕಾಣೋದಿಲ್ಲ, ಉಳಿದ ಆಕ್ಸಿಜನ್ ಮಾತ್ರ ಕಾಣುತ್ತೆ. ಮಿಶ್ರಣ ತೆಳು ಅಂತ ಅದು ಹೇಳುತ್ತೆ, ಇಸಿಯು ನಾಲ್ಕೂ ಸಿಲಿಂಡರ್‌ಗೆ ಪೆಟ್ರೋಲ್ ಹೆಚ್ಚಿಸುತ್ತೆ. ಕೋಡ್ ಬಾರದಿರುವುದರಿಂದ ಮಿಸ್ ಇಲ್ಲ ಅಂತ ತಿಳಿಯಬೇಡಿ. ಆ ಕಾಲದ ಎಲ್ಲ ಇಸಿಯುಗಳಿಗೂ ಮಿಸ್‌ಫೈರ್ ಗುರುತಿಸುವ ವ್ಯವಸ್ಥೆ ಇರಲಿಲ್ಲ.

ಈಗ ಸಿಲಿಂಡರ್ ಒಂದೊಂದಾಗಿ ಕಟ್ ಮಾಡಿ ನೋಡಿ. ಎಂಜಿನ್ ಬಿಸಿ, ಐಡ್ಲಿಂಗ್. ಒಂದನೇ ಇಂಜೆಕ್ಟರ್‌ನ ಕನೆಕ್ಟರ್ ತೆಗೆಯಿರಿ, ಐದು ಸೆಕೆಂಡ್ ನೋಡಿ, ಹಾಕಿ. ಐಡ್ಲಿಂಗ್ ಮತ್ತೆ ಮೊದಲಿನ ಮಟ್ಟಕ್ಕೆ ಬಂದ ಮೇಲೆ ಎರಡನೆಯದು. ಆಫ್ ಆಗಿಬಿಡುತ್ತಿದ್ದರೆ ಇನ್ನೊಬ್ಬರು ಆಕ್ಸಿಲರೇಟರ್ ಹಿಡಿದು 1000ದಲ್ಲಿ ನಿಲ್ಲಿಸಲಿ. ಕೆಲಸ ಮಾಡುತ್ತಿರುವ ಸಿಲಿಂಡರ್ ಕಟ್ ಮಾಡಿದರೆ ಆರ್‌ಪಿಎಂ ಕುಸಿಯುತ್ತೆ. ಯಾವುದನ್ನ ತೆಗೆದಾಗ ವ್ಯತ್ಯಾಸವೇ ಇಲ್ಲವೋ ಅದೇ ಕಳ್ಳ.

ಮಲ್ಟಿಮೀಟರ್:

ಮೇಲಿನ ಪರೀಕ್ಷೆಗೆ ಪ್ಲಗ್ ವೈರ್ ಎಳೆಯಬೇಡಿ, ಇಂಜೆಕ್ಟರ್ ಕನೆಕ್ಟರನ್ನೇ ತೆಗೆಯಿರಿ. ಎರಡು ಕಾಯಿಲ್ ಇರುವ ಗಾಡಿಯಲ್ಲಿ ಒಂದೇ ಕಾಯಿಲ್ ಒಂದು ಮತ್ತು ನಾಲ್ಕಕ್ಕೆ, ಇನ್ನೊಂದು ಎರಡು ಮತ್ತು ಮೂರಕ್ಕೆ ಒಟ್ಟಿಗೆ ಸ್ಪಾರ್ಕ್ ಕೊಡುತ್ತೆ. ಒಂದು ವೈರ್ ಗಾಳಿಯಲ್ಲಿ ಬಿಟ್ಟರೆ ಜೋಡಿ ಸಿಲಿಂಡರಿಗೂ ತೊಂದರೆ, ಕಾಯಿಲ್ ಒಳಗೆ ಸ್ಪಾರ್ಕ್ ಹಾರಿ ಸುಡಲೂಬಹುದು. ಮೇಲಾಗಿ ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗುತ್ತೆ.

ಒಂದು ಸಿಲಿಂಡರ್ ಸಿಕ್ಕಿಬಿದ್ದರೆ ಹೆಡ್‌ಗೆ (ಸಿಲಿಂಡರ್‌ಗಳ ಮೇಲೆ ವಾಲ್ವ್ ಕೂರುವ ಭಾಗಕ್ಕೆ) ಕೈ ಹಾಕುವ ಮೊದಲು ವಿದ್ಯುತ್ ಕಡೆ ಹತ್ತು ನಿಮಿಷದಲ್ಲಿ ಮುಗಿಸಿ. ಇಂಜೆಕ್ಟರ್‌ಗಳ ರೆಸಿಸ್ಟನ್ಸ್ ಅಳೆಯಿರಿ, ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ 12ರಿಂದ 16 ಓಮ್, ನಾಲ್ಕೂ ಒಂದೇ ಸಮ ಇರಬೇಕು. ಪ್ಲಗ್ ವೈರ್ ರೆಸಿಸ್ಟನ್ಸ್ ಉದ್ದಕ್ಕೆ ತಕ್ಕಂತೆ ಕೆಲವು ಸಾವಿರ ಓಮ್ ಇರುತ್ತೆ. ಒಂದು ಮಾತ್ರ ಉಳಿದವುಗಳ ಹಲವು ಪಟ್ಟು ತೋರಿಸಿದರೆ ಅದನ್ನ ಎಸೆಯಿರಿ. ಕತ್ತಲಲ್ಲಿ ಬಾನೆಟ್ ಎತ್ತಿ ವೈರ್ ಮೇಲೆ ನೀರು ಚಿಮುಕಿಸಿ, ನೀಲಿ ಕಿಡಿ ಓಡಿದರೆ ಇನ್ಸುಲೇಷನ್ ಬಿಟ್ಟಿದೆ. ಪ್ಲಗ್ ಅದಲುಬದಲು ಮಾಡಿ, ದೋಷವೂ ಜೊತೆಗೆ ಹೋಗುತ್ತಾ ನೋಡಿ. ಹೊಸ ಪ್ಲಗ್ ಅಂದರೆ ಒಳ್ಳೇ ಪ್ಲಗ್ ಅಂತ ಅರ್ಥವಲ್ಲ, ಹಾಕುವಾಗ ಪಿಂಗಾಣಿ ಬಿರುಕುಬಿಟ್ಟಿರಬಹುದು.

ಹಳೇಗಾಡಿ:

ಸಿಕ್ಕಿತು, ಮೂರನೇ ಸಿಲಿಂಡರ್. ಒಂದು, ಎರಡು, ನಾಲ್ಕು ತೆಗೆದರೆ ಆಫ್ ಆಗುವ ಹಾಗೆ ಕುಸಿಯುತ್ತೆ. ಮೂರು ತೆಗೆದರೆ ಬಿಸಿ ಎಂಜಿನ್‌ನಲ್ಲಿ ಫರಕ್ಕೇ ಇಲ್ಲ. ತಣ್ಣಗಿದ್ದಾಗ ತೆಗೆದರೆ ಸ್ವಲ್ಪ ಕುಸಿಯುತ್ತೆ. ಇಂಜೆಕ್ಟರ್ ನಾಲ್ಕೂ 14 ಓಮ್ ಆಸುಪಾಸು. ಪ್ಲಗ್, ವೈರ್ ಎರಡೂ ಎರಡನೇ ಸಿಲಿಂಡರ್ ಜೊತೆ ಅದಲುಬದಲು ಮಾಡಿದೆ, ದೋಷ ಮೂರರಲ್ಲೇ ಉಳಿಯಿತು.

ಫೀಲರ್‌ಗೇಜ್:

ಅದೇ ಕಾಯಿಲ್‌ನ ಎರಡನೇ ಸಿಲಿಂಡರ್ ಸರಿಯಿದೆ, ಪ್ಲಗ್ ವೈರ್ ನಿರ್ದೋಷಿ. ತಣ್ಣಗಿದ್ದಾಗ ಅರೆಬರೆ ಕೆಲಸ, ಬಿಸಿಯಾದ ಮೇಲೆ ಇಲ್ಲ. ಎಲ್‌ಪಿಜಿಯಲ್ಲಿ ಓಡಿದ ಎಂಜಿನ್. ಇನ್ನು ಕಂಪ್ರೆಷನ್ ನೋಡದೆ ಮುಂದೆ ಹೋಗುವ ಹಾಗಿಲ್ಲ. ತಣ್ಣಗೆ ನೋಡಿದರೆ ದೋಷ ಅಡಗಿಕೊಳ್ಳುತ್ತೆ, ಬಿಸಿಯಲ್ಲೇ ನೋಡಬೇಕು.

ಎಂಜಿನ್ ಬಿಸಿ ಮಾಡಿ ಆಫ್ ಮಾಡಿ. ಪೆಟ್ರೋಲ್ ಪಂಪ್‌ನ ಫ್ಯೂಸ್ ಮತ್ತು ಎರಡೂ ಕಾಯಿಲ್‌ಗಳ ಕನೆಕ್ಟರ್ ತೆಗೆಯಿರಿ, ಇಂಜೆಕ್ಟರ್ ಕನೆಕ್ಟರ್‌ಗಳನ್ನೂ ತೆಗೆಯಿರಿ. ನಾಲ್ಕೂ ಪ್ಲಗ್ ಬಿಚ್ಚಿ, ಕೈಗವಸು ಹಾಕಿಕೊಳ್ಳಿ. ಗೇಜನ್ನ ಕೈಯಲ್ಲೇ ಬಿಗಿಯಾಗಿ ತಿರುಗಿಸಿ ಕೂರಿಸಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ, ಮುಳ್ಳು ಐದಾರು ಸಲ ಜಿಗಿಯುವವರೆಗೆ. ಆಕ್ಸಿಲರೇಟರ್ ಒತ್ತದಿದ್ದರೆ ಗಾಳಿ ಸಾಲದೆ ನಾಲ್ಕೂ ಕಡಿಮೆ ತೋರಿಸುತ್ತವೆ. ಬ್ಯಾಟರಿ ಸೊರಗಿದ್ದರೂ ಹಾಗೇ. ಆರೋಗ್ಯವಂತ ಎಂಜಿನ್‌ನಲ್ಲಿ ಬಹುತೇಕ 11ರಿಂದ 14 ಬಾರ್ ಬರುತ್ತೆ. ಎಷ್ಟು ಬಂತು ಅನ್ನೋದಕ್ಕಿಂತ ನಾಲ್ಕರ ನಡುವೆ ಅಂತರ ಎಷ್ಟು ಅನ್ನೋದು ಮುಖ್ಯ, ಒಂದು ಬಾರ್ ದಾಟಬಾರದು.

ಕಡಿಮೆ ಬಂದ ಸಿಲಿಂಡರ್‌ಗೆ ಪ್ಲಗ್ ತೂತಿನಿಂದ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಜಿಗಿದು ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಪ್ಯಾಕಿಂಗ್. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆಯಿದ್ದರೆ ಅವುಗಳ ನಡುವೆ ಪ್ಯಾಕಿಂಗ್ ಹಾರಿರುವ ಸಂಶಯ.

ಚೋಕ್ ಎಳೆದವರು:

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ಕಾರ್ಬ್ಯುರೇಟರ್ ಗಾಡಿಯಲ್ಲಿ ಇದೇ ಲಕ್ಷಣ ಇದ್ದರೆ? ಸ್ಕ್ಯಾನರ್ ಹಾಕಲು ಜಾಗವೇ ಇಲ್ಲ. ಚೋಕ್ ಎಳೆದರೆ ನಿಲ್ಲುತ್ತೆ, ಬಿಟ್ಟರೆ ಆಫ್.

ಕರಿಎಣ್ಣೆ:

ಚೋಕ್ ಎಳೆದಾಗ ನಿಲ್ಲುತ್ತೆ ಅಂದರೆ ಮಿಶ್ರಣ ತೆಳುವಾಗಿದೆ. ಐಡಲ್ ಜೆಟ್ ಕಟ್ಟಿಕೊಂಡಿದೆ, ಇಲ್ಲ ಎಲ್ಲೋ ಗಾಳಿ ಎಳೆಯುತ್ತಿದೆ. ಮೊದಲು ಐಡಲ್ ಕಟ್-ಆಫ್ ಸೊಲೆನಾಯ್ಡ್ (ಐಡಲ್ ಪೆಟ್ರೋಲ್ ದಾರಿ ತೆರೆಯುವ ವಿದ್ಯುತ್ ವಾಲ್ವ್) ನೋಡಿ. ಎಂಜಿನ್ ಆಫ್ ಇರುವಾಗ ಇಗ್ನಿಷನ್ ಆನ್ ಇಟ್ಟು ಅದರ ವೈರ್ ಕಿತ್ತು ಮತ್ತೆ ತಾಗಿಸಿದರೆ ಟಿಕ್ ಅನ್ನಬೇಕು. ಅನ್ನದಿದ್ದರೆ ವೈರ್‌ಗೆ 12 ವೋಲ್ಟ್ ಬರುತ್ತಿದೆಯಾ ಅಳೆಯಿರಿ, ಬರುತ್ತಿದ್ದರೆ ಸೊಲೆನಾಯ್ಡ್ ಹೋಗಿದೆ. ಅದು ಸರಿಯಿದ್ದರೆ ಐಡಲ್ ಜೆಟ್ ಬಿಚ್ಚಿ ಕ್ಲೀನರ್ ಮತ್ತು ಗಾಳಿಯಿಂದ ಊದಿ. ತಂತಿ ತೂರಿಸಬೇಡಿ, ಅಷ್ಟು ಸಣ್ಣ ತೂತು ಒಂದು ಗೀರು ಬಿದ್ದರೂ ಅಳತೆ ಕಳೆದುಕೊಳ್ಳುತ್ತೆ. ಕಾರ್ಬ್ಯುರೇಟರ್ ಬುಡದ ಪ್ಯಾಕಿಂಗ್, ಚಿಟ್ಟೆಯ ಶಾಫ್ಟ್ ಸವೆತ ನೋಡಿ. ಶಾಫ್ಟನ್ನ ಬೆರಳಿಂದ ಮೇಲೆಕೆಳಗೆ ಅಲ್ಲಾಡಿಸಿದಾಗ ಆಟ ಇದ್ದರೆ ಅಲ್ಲಿಂದ ಗಾಳಿ ನುಗ್ಗುತ್ತೆ, ಎಷ್ಟು ಟ್ಯೂನ್ ಮಾಡಿದರೂ ನಿಲ್ಲೋದಿಲ್ಲ.

ಇವೆಲ್ಲ ಆದ ಮೇಲೆ ಮಿಕ್ಸ್‌ಚರ್ ಸ್ಕ್ರೂ. ಮೆಲ್ಲಗೆ ಪೂರ್ತಿ ಒಳಗೆ ಕೂರಿಸಿ, ಬಿಗಿಯಬೇಡಿ, ಮೂತಿಗೆ ಉಂಗುರದ ಗೆರೆ ಬಿದ್ದರೆ ಸ್ಕ್ರೂ ಕೆಟ್ಟಿತು. ಅಲ್ಲಿಂದ ಒಂದೂವರೆ ಎರಡು ಸುತ್ತು ಹೊರಗೆ ತಂದು, ಬಿಸಿ ಎಂಜಿನ್‌ನಲ್ಲಿ ಆರ್‌ಪಿಎಂ ಅತಿ ಹೆಚ್ಚು ಬರುವ ಜಾಗ ಹುಡುಕಿ, ಐಡಲ್ ಸ್ಪೀಡ್ ಸ್ಕ್ರೂವಿನಿಂದ ಇಳಿಸಿ, ಮತ್ತೆ ಮಿಕ್ಸ್‌ಚರ್ ನೋಡಿ. ಆದರೆ ಪಾಯಿಂಟ್ ಇಗ್ನಿಷನ್ ಇದ್ದರೆ ಪಾಯಿಂಟ್ ಗ್ಯಾಪ್ ಮತ್ತು ಟೈಮಿಂಗ್ ಸರಿಮಾಡಿದ ಮೇಲೇ ಕಾರ್ಬ್ಯುರೇಟರ್‌ಗೆ ಕೈ ಹಾಕಬೇಕು.

ಹಳೇಗಾಡಿ:

ಬಿಸಿ ಕಂಪ್ರೆಷನ್: 12.4, 12.2, 8.6, 12.0 ಬಾರ್. ಮೂರಕ್ಕೆ ಆಯಿಲ್ ಬಿಟ್ಟ ಮೇಲೆ 8.9. ಹೆಡ್ ಬಿಚ್ಚಲೇಬೇಕಾ?

ಫೀಲರ್‌ಗೇಜ್:

ಇನ್ನೂ ಇಲ್ಲ. ರಿಂಗ್ ಅಲ್ಲ, ಪಕ್ಕದವು ಸರಿಯಿರುವುದರಿಂದ ಪ್ಯಾಕಿಂಗ್ ಸಂಶಯವೂ ಕಡಿಮೆ. ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಯಾಕೆ ಮುಚ್ಚುತ್ತಿಲ್ಲ ಅನ್ನೋದಕ್ಕೆ ಎರಡು ಉತ್ತರ ಇವೆ, ಒಂದು ಒಂದು ಗಂಟೆಯ ಕೆಲಸ, ಇನ್ನೊಂದು ಹೆಡ್ ಕೆಲಸ. ಮೊದಲನೆಯದನ್ನ ನೋಡಿ: ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವ್ ಕಾಂಡದ ತುದಿಗೂ ಅದನ್ನ ಒತ್ತುವ ರಾಕರ್‌ಗೂ ನಡುವಿನ ಸಂದು.

ವಾಲ್ವ್ ಮುಖ ಮತ್ತು ಸೀಟು ಸವೆದಂತೆ ವಾಲ್ವ್ ಹೆಡ್‌ನೊಳಕ್ಕೆ ಹೂತುಕೊಳ್ಳುತ್ತೆ, ಕಾಂಡದ ತುದಿ ರಾಕರ್ ಕಡೆಗೆ ಏರುತ್ತೆ, ಗ್ಯಾಪ್ ಕಡಿಮೆಯಾಗುತ್ತೆ. ಎಲ್‌ಪಿಜಿ, ಸಿಎನ್‌ಜಿಯಲ್ಲಿ ಇದು ಬೇಗ, ಅದರಲ್ಲೂ ಎಕ್ಸಾಸ್ಟ್ ಕಡೆ. ಎಂಜಿನ್ ಬಿಸಿಯಾದಾಗ ವಾಲ್ವ್ ಕಾಂಡ ಹಿಗ್ಗುತ್ತೆ, ಉಳಿದಿದ್ದ ಚೂರು ಗ್ಯಾಪೂ ಮಾಯ. ಆಗ ರಾಕರ್ ವಾಲ್ವನ್ನ ಕೂದಲೆಳೆಯಷ್ಟು ತೆರೆದೇ ಹಿಡಿದಿರುತ್ತೆ. ಐಡ್ಲಿಂಗ್‌ನಲ್ಲಿ ಪಿಸ್ಟನ್ ನಿಧಾನ, ಸೋರಲು ಸಮಯ ಬೇಕಾದಷ್ಟಿದೆ, ಸಿಲಿಂಡರ್ ಉರಿಯೋದಿಲ್ಲ. 2500ರಲ್ಲಿ ಸೋರುವಷ್ಟರಲ್ಲಿ ಸ್ಪಾರ್ಕ್ ಆಗಿರುತ್ತೆ, ಅದಕ್ಕೇ ನಡುಕ ಇಲ್ಲ. ನಿಮ್ಮ ಲಕ್ಷಣ ಒಂದೊಂದೂ ಇದಕ್ಕೆ ಕೂಡುತ್ತೆ. ಗ್ಯಾಪ್ ಹೆಚ್ಚಿದ್ದರೆ ಟಕ್ ಟಕ್ ಅಂತ ಹೇಳಿಕೊಳ್ಳುತ್ತೆ, ಕಡಿಮೆಯಾದರೆ ಸದ್ದೇ ಇಲ್ಲ, ಹಾಗಾಗಿ ಯಾರೂ ನೋಡೋದಿಲ್ಲ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯ ಹೆಚ್ಚಿನ ಪಾಲನ್ನ ಸೀಟಿಗೆ ಅಂಟಿಕೊಂಡಾಗಲೇ ಬಿಟ್ಟುಕೊಡಬೇಕು. ಅಂಟದಿದ್ದರೆ ಅಂಚು ಸುಟ್ಟುಹೋಗುತ್ತೆ, ಆಮೇಲೆ ಟ್ಯಾಪೆಟ್ ಸೆಟ್ ಮಾಡಿ ಪ್ರಯೋಜನವಿಲ್ಲ. ಹಾಗಾಗಿ ಸರಿಮಾಡುವವರೆಗೆ ಗಾಡಿ ಓಡಿಸಬೇಡಿ.

ಕೆಲಸ ಹೀಗೆ. ಗಾಡಿ ರಾತ್ರಿಯಿಡೀ ನಿಂತು ಪೂರ್ತಿ ತಣ್ಣಗಾಗಿರಲಿ, ಮ್ಯಾನುಯಲ್‌ನಲ್ಲಿ ಬಿಸಿ ಅಳತೆ, ತಣ್ಣನೆ ಅಳತೆ ಬೇರೆ ಬೇರೆ ಇರುತ್ತೆ, ತಣ್ಣನೆಯದನ್ನೇ ಹಿಡಿಯಿರಿ. ಇಂಥ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಇನ್‌ಟೇಕ್ 0.15ರಿಂದ 0.20, ಎಕ್ಸಾಸ್ಟ್ 0.20ರಿಂದ 0.30 ಮಿ.ಮೀ. ಆದರೂ ನಿಮ್ಮ ಎಂಜಿನ್‌ನ ಸಂಖ್ಯೆಯೇ ಅಂತಿಮ. ಪ್ಲಗ್ ಬಿಚ್ಚಿಟ್ಟರೆ ತಿರುಗಿಸಲು ಹಗುರ. ರಾಕರ್ ಕವರ್ ತೆಗೆಯಿರಿ. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ತಿರುಗಿಸಿ.

ಫೈರಿಂಗ್ ಆರ್ಡರ್ 1-3-4-2 ಇದ್ದರೆ ಜೋಡಿಗಳು ಒಂದು-ನಾಲ್ಕು, ಎರಡು-ಮೂರು. ಮೂರನ್ನ ಸೆಟ್ ಮಾಡಲು ಎರಡನೇ ಸಿಲಿಂಡರ್ ನೋಡುತ್ತಾ ತಿರುಗಿಸಿ. ಅದರ ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತಾ ಇನ್‌ಟೇಕ್ ತೆರೆಯಲು ಶುರುಮಾಡಿದಾಗ ನಿಲ್ಲಿಸಿ. ಆಗ ಮೂರನೆಯದು ಕಂಪ್ರೆಷನ್‌ನ ತುದಿಯಲ್ಲಿರುತ್ತೆ, ಅದರ ಎರಡೂ ವಾಲ್ವ್ ಬಿಡುವಾಗಿರಬೇಕು. ಹೀಗೆಯೇ ನಾಲ್ಕನ್ನ ನೋಡಿ ಒಂದು, ಒಂದನ್ನ ನೋಡಿ ನಾಲ್ಕು, ಮೂರನ್ನ ನೋಡಿ ಎರಡು. ಎಂಟರ ಗ್ಯಾಪೂ ಮೊದಲು ಬರೆದುಕೊಳ್ಳಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಲಾಕ್‌ನಟ್ ಸಡಿಲಿಸಿ, ಫೀಲರ್ (ಅಳತೆಯ ತೆಳು ಪಟ್ಟಿ) ತೂರಿಸಿ, ಎಳೆದರೆ ಸಣ್ಣ ತಡೆ ಸಿಗುವಷ್ಟು ಸ್ಕ್ರೂ ತಿರುಗಿಸಿ, ಸ್ಕ್ರೂ ಅಲ್ಲಾಡದಂತೆ ಹಿಡಿದು ನಟ್ ಬಿಗಿಯಿರಿ, ಮತ್ತೆ ಅಳೆಯಿರಿ. ಬಿಗಿಯುವಾಗ ಗ್ಯಾಪ್ ಬದಲಾಗುವುದು ಮಾಮೂಲು. ಹಳೇ ರಾಕರ್ ತುದಿಯಲ್ಲಿ ಗುಳಿ ಬಿದ್ದಿದ್ದರೆ ಫೀಲರ್ ಗುಳಿಯ ಮೇಲೆ ಸೇತುವೆ ಕಟ್ಟಿದ ಹಾಗೆ ಕೂತು ಸುಳ್ಳು ಹೇಳುತ್ತೆ. ಸ್ಕ್ರೂ ಬದಲು ಶಿಮ್ (ತೆಳು ಬಿಲ್ಲೆ) ಹಾಕುವ ಎಂಜಿನ್ ಆದರೆ ವಿಧಾನ ಬೇರೆ, ಗ್ಯಾಪನ್ನ ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಆದರೆ ಸೆಟ್ಟಿಂಗೇ ಇಲ್ಲ.

ಮಲ್ಟಿಮೀಟರ್:

ಈ ಎಳೆ ಓದುವ ಬೇರೆಯವರಿಗೆ ಒಂದು ಮಾತು. ಎಂಜಿನ್ ಹೇಗೆ ಆಫ್ ಆಗುತ್ತೆ ಅನ್ನೋದನ್ನ ಗಮನಿಸಿ. ಕೀ ತಿರುಗಿಸಿದ ಹಾಗೆ ಏಕ್‌ದಂ ಆಫ್ ಆಗಿ, ಗಾಡಿ ಗೇರ್‌ನಲ್ಲಿ ಇನ್ನೂ ಉರುಳುತ್ತಿರುವಾಗಲೇ ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿದ್ದರೆ, ಆಮೇಲೆ ಅರ್ಧ ಗಂಟೆ ಆರುವವರೆಗೆ ಸ್ಟಾರ್ಟ್ ಆಗದಿದ್ದರೆ ಕ್ರ್ಯಾಂಕ್ ಸೆನ್ಸರ್ ನೋಡಿ. ಬಿಸಿಯಾದಾಗ ಒಳಗಿನ ಸುರುಳಿ ಬಿಟ್ಟುಕೊಳ್ಳುತ್ತೆ. ಕೆಮ್ಮಿ, ಎಳೆದಾಡಿ ಆಫ್ ಆದರೆ ಪೆಟ್ರೋಲ್ ಕಡೆ. ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ರೈಲ್‌ನಲ್ಲಿ ಗೇಜ್ ಹಾಕಿದರೆ, ಒತ್ತಡ ಹಿಡಿದಿಡುವ ರೆಗ್ಯುಲೇಟರ್‌ಗೆ ವ್ಯಾಕ್ಯೂಮ್ ಹೋಸ್ ಇರುವ ಗಾಡಿಗಳಲ್ಲಿ ಐಡ್ಲಿಂಗ್‌ಗೆ 2.5 ಬಾರ್ ಆಸುಪಾಸು, ಹೋಸ್ ಕಿತ್ತರೆ 3ರ ಆಸುಪಾಸು ಇರುತ್ತೆ. ಆ ಹೋಸ್ ಒಳಗೆ ಪೆಟ್ರೋಲ್ ಹನಿ ಕಂಡರೆ ರೆಗ್ಯುಲೇಟರ್ ಹರಿದಿದೆ. ಕೂಲಂಟ್ ಸೆನ್ಸರ್ ಇನ್ನೊಂದು ಕಳ್ಳ. ಬಿಸಿ ಎಂಜಿನ್ ಇದ್ದರೂ ಸ್ಕ್ಯಾನರ್‌ನಲ್ಲಿ 30 ಡಿಗ್ರಿ ತೋರಿಸಿದರೆ ಇಸಿಯು ಪೆಟ್ರೋಲ್ ಸುರಿಯುತ್ತಿರುತ್ತೆ. ಸಾಮಾನ್ಯ ಮಾದರಿಯವು 20 ಡಿಗ್ರಿಯಲ್ಲಿ 2ರಿಂದ 3 ಸಾವಿರ ಓಮ್, 80 ಡಿಗ್ರಿಯಲ್ಲಿ 300 ಓಮ್ ಹತ್ತಿರ ತೋರಿಸುತ್ತವೆ.

ಎಂಜಿನ್ ಅರ್ಥಿಂಗ್ ಪಟ್ಟಿಯನ್ನೂ ಮರೆಯಬೇಡಿ. ಮೀಟರ್‌ನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕ್‌ಗೆ ಇಟ್ಟು ಸೆಲ್ಫ್ ಹೊಡೆದಾಗ 0.2 ವೋಲ್ಟ್ ಮೀರಿದರೆ ಪಟ್ಟಿ ಬಿಚ್ಚಿ ತುಕ್ಕು ಉಜ್ಜಿ.

ಹಳೇಗಾಡಿ:

ಮೂರನೇ ಎಕ್ಸಾಸ್ಟ್‌ನಲ್ಲಿ ತಣ್ಣಗಿದ್ದಾಗಲೇ 0.05 ಫೀಲರ್ ಕೂಡ ಕಷ್ಟಪಟ್ಟು ಹೋಯಿತು. ಒಂದು ಮತ್ತು ನಾಲ್ಕರ ಎಕ್ಸಾಸ್ಟ್ 0.15, ಎರಡರದ್ದು 0.18. ಇನ್‌ಟೇಕ್ ನಾಲ್ಕೂ ಅಳತೆಯೊಳಗೆ. ಮ್ಯಾನುಯಲ್ ಪ್ರಕಾರ ಎಕ್ಸಾಸ್ಟ್ ಎಲ್ಲ 0.25ಕ್ಕೆ ಸೆಟ್ ಮಾಡಿದ್ದು. ಬಿಸಿ ಕಂಪ್ರೆಷನ್ ಈಗ 12.4, 12.3, 11.6, 12.2. ನಡುಕ ಹೋಯಿತು. ಮ್ಯಾಪ್ 35, ಟ್ರಿಮ್ ಒಟ್ಟು +4. ಆದರೆ ಕಾಲು ತೆಗೆದ ಕೂಡಲೇ ಐಡ್ಲಿಂಗ್ ಒಮ್ಮೆ 1200ಕ್ಕೆ ನಿಂತು ಆಮೇಲೆ ಇಳಿಯುತ್ತೆ.

ಪೆಟ್ರೋಲ್‌ವಾಸನೆ:

ಇಸಿಯು ಇನ್ನೂ ಹಳೇ 58 ಸ್ಟೆಪ್‌ನ ಲೆಕ್ಕದಲ್ಲೇ ಗಾಳಿ ಬಿಡುತ್ತಿದೆ. ಬ್ಯಾಟರಿ ನೆಗೆಟಿವ್ ಹತ್ತು ಹದಿನೈದು ನಿಮಿಷ ತೆಗೆದಿಟ್ಟು ಹಾಕಿ, ರೇಡಿಯೋ ಕೋಡ್ ಇದ್ದರೆ ಮೊದಲೇ ಬರೆದಿಟ್ಟುಕೊಳ್ಳಿ. ಇಗ್ನಿಷನ್ ಆನ್ ಮಾಡಿ ಹತ್ತು ಸೆಕೆಂಡ್ ಬಿಡಿ, ಆಕ್ಸಿಲರೇಟರ್ ಮುಟ್ಟದೆ ಸ್ಟಾರ್ಟ್ ಮಾಡಿ, ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಐಡ್ಲಿಂಗ್‌ನಲ್ಲಿ ಬಿಡಿ. ಆಮೇಲೆ ಎಸಿ ಹಾಕಿ ಐದು ನಿಮಿಷ. ಕೆಲವು ಇಸಿಯುಗಳಿಗೆ ಇದಕ್ಕೆ ಬೇರೆ ಕ್ರಮ ಇರುತ್ತೆ, ಮ್ಯಾನುಯಲ್‌ನಲ್ಲಿದ್ದರೆ ಅದನ್ನೇ ಅನುಸರಿಸಿ.

ಫೀಲರ್‌ಗೇಜ್:

11.6 ಒಳ್ಳೇ ಸುದ್ದಿ, ವಾಲ್ವ್ ಅಂಚು ಸುಟ್ಟಿಲ್ಲ. ರಾಕರ್ ಕವರ್ ಪ್ಯಾಕಿಂಗ್ ಹೊಸದು ಹಾಕಿದಿರಿ ತಾನೆ? ಹಳೆಯದು ಮತ್ತೆ ಕೂರೋದಿಲ್ಲ, ಆಯಿಲ್ ಎಕ್ಸಾಸ್ಟ್ ಮೇಲೆ ಸುರಿಯುತ್ತೆ. ಮೂರನೇ ಎಕ್ಸಾಸ್ಟ್‌ನ ಗ್ಯಾಪನ್ನ 1,000 ಕಿ.ಮೀ. ಆದ ಮೇಲೆ ಒಮ್ಮೆ, 5,000ಕ್ಕೆ ಇನ್ನೊಮ್ಮೆ ತಣ್ಣಗೆ ಅಳೆಯಿರಿ. 0.25 ಹಾಗೇ ನಿಂತಿದ್ದರೆ ಆಮೇಲೆ ಮಾಮೂಲಿ ಸರ್ವಿಸ್‌ಗೆ ನೋಡಿದರೆ ಸಾಕು. 0.18ಕ್ಕೆ ಇಳಿದಿದ್ದರೆ ಸೀಟು ಇನ್ನೂ ಹೂಳುತ್ತಿದೆ, ಆಗ ಹೆಡ್ ಬಿಚ್ಚಿಸಿ ಎಕ್ಸಾಸ್ಟ್ ಸೀಟ್‌ಗಳಿಗೆ ಗಟ್ಟಿ ಲೋಹದ್ದು ಹಾಕಿಸಿ, ಜೊತೆಗೆ ವಾಲ್ವ್ ಸೀಲ್‌ಗಳನ್ನೂ ಅದೇ ಕೈಯಲ್ಲಿ ಬದಲಿಸಿ.